ಅವಧಿ ಮುಗಿದವನೆಂದು ನನ್ನನ್ನು ಕರೆದ ದಿನ

ನಾನು ಒಂದು ಮೇಲ್ ಸರ್ವರ್. ಬಿಡಿಸಿ ಹೇಳುವುದಾದರೆ, ಊರೂರಿನಿಂದ ಬರುವ ಇ-ಮೇಲುಗಳನ್ನು ಬಾಗಿಲಲ್ಲೇ ನಿಂತು ಪಡೆದು, ಜೋಪಾನವಾಗಿ ಇಟ್ಟುಕೊಂಡು, ಯಾರಿಗೆ ಸೇರಬೇಕೋ ಅವರಿಗೆ ಮುಟ್ಟಿಸುವ ಯಂತ್ರ. ನೋಡಲು ಚಪ್ಪಟೆಯಾದ ಕಬ್ಬಿಣದ ಪೆಟ್ಟಿಗೆ. ಬಣ್ಣ ಕಪ್ಪು. ಅಂದಚಂದದ ಮಾತು ಬಂದರೆ ನಾನು ತಲೆ ತಗ್ಗಿಸುತ್ತೇನೆ. ಮಾಡಿದ ಕೆಲಸದ ಮಾತು ಬಂದರೆ ಮಾತ್ರ ನನ್ನನ್ನು ಸುಮ್ಮನಿರಿಸುವುದು ಕಷ್ಟ. ಬೇಕಾದರೆ ಜಂಬ ಎನ್ನಿ. ಆದರೆ ಪೂರ್ತಿ ಕೇಳಿದ ಮೇಲೆ ಎನ್ನಿ.

ಹುಟ್ಟಿದ್ದು ಸಮುದ್ರದಾಚೆಯ ಒಂದು ಕಾರ್ಖಾನೆಯಲ್ಲಿ. ಉದ್ದನೆಯ ಬೆಲ್ಟಿನ ಮೇಲೆ ಬರಿಯ ತಗಡಾಗಿ ಹೊರಟ ನನಗೆ ದಾರಿಯುದ್ದಕ್ಕೂ ಒಬ್ಬೊಬ್ಬರು ಒಂದೊಂದು ಅಂಗ ಜೋಡಿಸಿದರು. ಕೊನೆಯಲ್ಲಿ ಒಬ್ಬಾಕೆ ಎದೆಗೆ ಸಾಲಾಗಿ ಫ್ಯಾನುಗಳನ್ನು ಕೂರಿಸಿ, ಸ್ಕ್ರೂ ಬಿಗಿದು, ಬೆನ್ನಿಗೊಂದು ಹಗುರ ಏಟು ಕೊಟ್ಟು ಮುಂದಕ್ಕೆ ತಳ್ಳಿದಳು. ಮೈಯಲ್ಲಿ ಕರೆಂಟು ಹರಿದ ಕೂಡಲೇ ನಾನು ‘ಗುಂಯ್’ ಎಂದೆ. ಅದೇ ನನ್ನ ಮೊದಲ ಅಳು. ಆ ಅಳು ಇವನು ನಿಲ್ಲಿಸಲೇ ಇಲ್ಲ ಎಂದು ಆಮೇಲೆ ಕಂಡವರೆಲ್ಲ ದೂರಿದರು.

ಮೊದಲ ಯಜಮಾನರು ಹುಬ್ಬಳ್ಳಿಯ ಒಂದು ವಿಮಾ ಕಂಪನಿಯವರು. ಅಲ್ಲಿ ಮಂಜಿನಂತೆ ತಣ್ಣಗಿದ್ದ ಒಂದು ಕೋಣೆ. ನನ್ನಂಥವರು ಹತ್ತಾರು ಜನ ಕಬ್ಬಿಣದ ಕಪಾಟಿನಲ್ಲಿ ಒಬ್ಬರ ಮೇಲೊಬ್ಬರು ಮಲಗಿದ್ದೆವು. ಬೇಸಗೆಯಲ್ಲೂ ಸ್ವೆಟರ್ ಹಾಕಿಕೊಂಡು ಒಳಗೆ ಬರುತ್ತಿದ್ದ ಹುಡುಗರು ಕಿವಿ ಮುಚ್ಚಿಕೊಂಡೇ ಕೆಲಸ ಮಾಡಿ ಹೋಗುತ್ತಿದ್ದರು. ಯಾರ ಕಾಗದ ಯಾರಿಗೆ ಹೋಗುತ್ತಿದೆ ಎಂದು ನನಗೂ ತಿಳಿಯುತ್ತಿರಲಿಲ್ಲ, ತಿಳಿಯಬೇಕೆಂದು ಅನಿಸುತ್ತಲೂ ಇರಲಿಲ್ಲ. ಕೆಲವು ವರ್ಷ ಕಳೆದ ಮೇಲೆ ಹೊಸ ಯಂತ್ರಗಳು ಬಂದವು, ನಮ್ಮನ್ನು ಟೆಂಪೋದಲ್ಲಿ ಹೇರಿದರು.

ಎರಡನೆಯ ಮನೆ ಗದಗಿನ ಕಡೆಯ ಒಂದು ಇಂಜಿನಿಯರಿಂಗ್ ಕಾಲೇಜು. ಅಲ್ಲಿ ಮೆಟ್ಟಿಲ ಕೆಳಗೆ ನನ್ನ ವಾಸ. ಹುಡುಗರು ನನ್ನ ಹೊಟ್ಟೆ ಬಿಚ್ಚಿ, ಯಾವುದು ಏನೆಂದು ಕಲಿತು, ಮತ್ತೆ ಮುಚ್ಚುತ್ತಿದ್ದರು. ಒಬ್ಬ ಒಂದು ಸ್ಕ್ರೂ ಕಳೆದ. ಆ ತೂತು ಇವತ್ತಿಗೂ ಹಾಗೇ ಇದೆ. ನನ್ನ ತಲೆಯ ಮೇಲೆಯೇ ಪ್ರಿನ್ಸಿಪಾಲರ ಕೋಣೆ. ಅವರಿಗೆ ನನ್ನ ಸದ್ದು ಕೇಳಿದರೆ ತಲೆನೋವು. ಯಾರೋ ಜಾಣರು ನನ್ನ ಮೇಲೊಂದು ಕಂಬಳಿ ಹೊದಿಸಿದರು. ಸದ್ದೇನೋ ತಗ್ಗಿತು, ನನಗೆ ಮಾತ್ರ ಉಸಿರು ಕಟ್ಟಿ ಮೈ ಕಾದ ಹಂಚಾಯಿತು.

ಆಗ ನನ್ನ ಪ್ರಾಣ ಉಳಿಸಿದವರು ಅಲ್ಲಿ ಪಾಠ ಹೇಳುತ್ತಿದ್ದ ಕುಲಕರ್ಣಿ ಸರ್. ಕಂಬಳಿ ಕಿತ್ತೊಗೆದು, “ಇದಕ್ಕೇನು ಚಳಿ ಹತ್ತಿತ್ತೇನೋ? ಉಸಿರಾಡೋ ಬಾಯಿಗೇ ಕಂಬಳಿ ಹೊಚ್ಚೀರಲ್ಲೋ!” ಎಂದು ಹುಡುಗರಿಗೆ ಮಂಗಳಾರತಿ ಮಾಡಿದರು. ಮುಂದಿನ ವಾರವೇ ಪ್ರಿನ್ಸಿಪಾಲರ ಒಪ್ಪಿಗೆ ಪಡೆದು, ನನ್ನನ್ನು ಸ್ಕೂಟರಿನ ಮುಂದೆ ಕಾಲಿಡುವ ಜಾಗದಲ್ಲಿ ನಿಲ್ಲಿಸಿಕೊಂಡು, ಬೆಟಗೇರಿಯ ಬ್ರೈಲ್ ಪ್ರೆಸ್ಸಿಗೆ ತಂದರು. ಕಣ್ಣು ಕಾಣದ ಮಕ್ಕಳು ಬೆರಳಿನಿಂದ ಓದುವ ಚುಕ್ಕಿ ಅಕ್ಷರದ ಪುಸ್ತಕ ಅಲ್ಲಿ ಅಚ್ಚಾಗುತ್ತಿತ್ತು. ಅಲ್ಲಿ ಕೆಲಸ ಮಾಡುವವರಲ್ಲೂ ಹೆಚ್ಚಿನವರಿಗೆ ಕಣ್ಣು ಕಾಣುತ್ತಿರಲಿಲ್ಲ. ಕಣ್ಣು ನನಗೂ ಇಲ್ಲ. ಆದ್ದರಿಂದ ಆ ಮನೆಯಲ್ಲಿ ನನಗೆ ಮೊದಲ ದಿನದಿಂದಲೇ ಸಂಕೋಚ ಅನಿಸಲಿಲ್ಲ.

ಪ್ರೆಸ್ಸಿನ ಮ್ಯಾನೇಜರು ನೀಲವ್ವ ಗಾಣಿಗೇರ. ಹುಟ್ಟಿನಿಂದ ಕಣ್ಣಿಲ್ಲ, ಎಂ.ಎ. ಓದಿದವರು, ಕೋಪ ಮೂಗಿನ ತುದಿಯಲ್ಲೇ. ಎಲ್ಲರಿಗೂ ನೀಲಕ್ಕ. ಅವರು ನನ್ನನ್ನು ಮೇಜಿನ ಮೇಲಿಡಿಸಿ ಎರಡೂ ಕೈಗಳಿಂದ ಮುಂದಿನಿಂದ ಹಿಂದಿನವರೆಗೆ ಸವರಿದರು. ಸ್ಕ್ರೂ ಇಲ್ಲದ ತೂತು ಬೆರಳಿಗೆ ಸಿಕ್ಕಿತು, ಅದನ್ನೂ ಸವರಿ ಮುಂದೆ ಹೋದರು. ಕೊನೆಗೆ ಫ್ಯಾನುಗಳ ಗಾಳಿಗೆ ಅಂಗೈ ಹಿಡಿದು ನಿಂತರು.

“ಉಸಿರು ಜೋರ್ ಐತ್ರಿ ಇವಂದು,” ಎಂದರು.

ಕುಲಕರ್ಣಿ ಸರ್ ಸಂಕೋಚದಿಂದ, “ಭಾಳ ಗದ್ದಲ ಮಾಡ್ತದ ನೋಡ್ರಿ. ಒಳಗ ಎಲ್ಲ್ಯರೆ ಮೂಲ್ಯಾಗ ಇಟ್ಟು ಬಾಗಲಾ ಹಾಕಿಬಿಡ್ರಿ,” ಎಂದರು.

“ಒಳಗ ಯಾಕ್ರಿ ಸರ್? ಪಡಸಾಲ್ಯಾಗ ಇಡೋಣು. ಎಲ್ಲಾರಿಗೂ ಕೇಳಬೇಕು.”

ಪಡಸಾಲೆಯ ತಿರುವಿನಲ್ಲಿ, ಕೆಳಗೆ ಇಳಿಯುವ ಎರಡು ಮೆಟ್ಟಿಲ ಪಕ್ಕದಲ್ಲಿ ನನಗೆ ಜಾಗ ಕೊಟ್ಟರು. ಕಾರಣ ಹೇಳುತ್ತೇನೆ. ಬ್ರೈಲ್ ಕಾಗದ ಎಂದರೆ ರಟ್ಟಿನಷ್ಟು ದಪ್ಪ. ಅದರ ಕಟ್ಟನ್ನು ಎರಡೂ ಕೈಯಲ್ಲಿ ತಬ್ಬಿಕೊಂಡು ಅಚ್ಚಿನ ಕೋಣೆಯಿಂದ ಪ್ರೂಫಿನ ಕೋಣೆಗೆ, ಅಲ್ಲಿಂದ ಬೈಂಡಿಂಗಿಗೆ ಓಡಾಡುವವರಿಗೆ ಗೋಡೆ ಸವರಲು ಕೈ ಎಲ್ಲಿ ಉಳಿಯುತ್ತದೆ? ಕಿವಿಯೇ ಅವರಿಗೆ ಗೋಡೆ. ‘ಗುಂಯ್’ ಸದ್ದು ಎಡಕಿವಿಗೆ ಬಂತೆಂದರೆ ಮೆಟ್ಟಿಲು ಬಂತು, ಬೆನ್ನಿಗೆ ಹೋಯಿತೆಂದರೆ ಬಲಕ್ಕೆ ಬಾಗಿಲು. ಪ್ರೂಫ್ ಓದುವ ಗುರಪ್ಪ ಎಂಬುವನು, ಸಂಜೆ ಭಜನಾ ಮೇಳದಲ್ಲಿ ಹಾಡುವ ಮನುಷ್ಯ, ಮೊದಲ ದಿನವೇ ನನಗೆ ಗುಂಯ್ಯಪ್ಪ ಎಂದು ಹೆಸರಿಟ್ಟ. “ಗುಂಯ್ಯಪ್ಪನ ದಾಟಿ ಬಲಕ್ಕ ಬಾ” ಎಂದು ಹೊಸಬರಿಗೆ ದಾರಿ ಹೇಳುವುದು ಅಲ್ಲಿ ರೂಢಿಯಾಯಿತು. ಹುಟ್ಟಿದಾಗಿನಿಂದ ಬೈಸಿಕೊಂಡ ಸದ್ದಿಗೆ ಕೊನೆಗೂ ಒಂದು ಉದ್ಯೋಗ ಸಿಕ್ಕಿತ್ತು. ನನಗೆ ಹೆಮ್ಮೆಯಾಯಿತು. ಆಗಬಾರದೇ?

ಸದ್ದು ಉಪಕಾರದ ಕೆಲಸ; ನನ್ನ ಅಸಲಿ ಕೆಲಸ ಇ-ಮೇಲ್ ಕಾಗದದ್ದು. ಶಾಲೆಗಳಿಂದ, ಮೇಷ್ಟ್ರುಗಳಿಂದ, ದೂರದ ಮಕ್ಕಳಿಂದ ಬರುತ್ತಿದ್ದ ಕಾಗದಗಳನ್ನು ನೀಲಕ್ಕನ ಕಂಪ್ಯೂಟರು ಗಟ್ಟಿಯಾಗಿ ಓದಿ ಹೇಳುತ್ತಿತ್ತು. ಅವರ ಮೇಜು ನನ್ನ ಎದುರಿಗೇ ಇದ್ದುದರಿಂದ ಎಲ್ಲ ನನ್ನ ಕಿವಿಗೂ ಬೀಳುತ್ತಿತ್ತು. ಮಳೆಗಾಲದಲ್ಲಿ ಬಂದ ಕಾಗದಗಳಲ್ಲಿ ಒಂದೇ ಪಲ್ಲವಿ: ಪುಸ್ತಕ ಯಾವಾಗ ಬರುತ್ತದೆ? ದೀಪಾವಳಿಯ ಹೊತ್ತಿಗೂ ಅದೇ. ಸಂಕ್ರಾಂತಿಯ ಹೊತ್ತಿಗೆ ಕೇಳುವವರೇ ಸುಸ್ತಾಗಿ ಸುಮ್ಮನಾಗುತ್ತಿದ್ದರು.

ತಪ್ಪು ಪ್ರೆಸ್ಸಿನದಲ್ಲ. ಪಠ್ಯಪುಸ್ತಕದ ಕಚೇರಿಯಿಂದ ಪಾಠಗಳು ಇವರ ಕೈಗೆ ಬರುವುದೇ ಉಳಿದವರ ಪುಸ್ತಕ ಅಚ್ಚಾಗಿ, ಹಂಚಿಯಾಗಿ, ಹಳೆಯದಾದ ಮೇಲೆ. ನೀಲಕ್ಕನ ಬಾಲ್ಯದಲ್ಲೂ ಇದೇ ಕತೆ. ಪ್ರೆಸ್ ನೋಡಲು ಬಂದವರಿಗೆ ಅವರು ಒಂದು ಮಾತನ್ನು ತಪ್ಪದೆ ಹೇಳುತ್ತಿದ್ದರು.

“ನಮ್ಮ ಸಾಲ್ಯಾಗ ಉಳಿದ ಹುಡುಗರು ಪುಸ್ತಕದ ಮ್ಯಾಲೆ ಗೀಚಿ, ಹಾಳಿ ಹರದು, ರಟ್ಟು ಕಿತ್ತು ಮುಗಸೋ ಹೊತ್ತಿಗೆ ನಂದು ಬರತಿತ್ರಿ. ಪರೀಕ್ಷಾ ಮುಂದಿರತಿತ್ತು. ಮಾಸ್ತರು, ‘ನೀ ಸುಮ್ಮ ಕೇಳಿಸ್ಕೊಂಡು ಕೂಡವಾ’ ಅಂತಿದ್ರು. ಏಳು ವರ್ಷ ಸುಮ್ಮ ಕೇಳಿಸ್ಕೊಂಡು ಕೂತೇನಿ.”

ಆ ವರ್ಷ ಅವರು ಹಟ ಹಿಡಿದಿದ್ದರು. ಏಳನೆಯ ತರಗತಿಯ ಹೊಸ ಗಣಿತ ಪುಸ್ತಕ ಶಾಲೆ ತೆರೆಯುವ ದಿನವೇ, ಉಳಿದ ಮಕ್ಕಳ ಜೊತೆಯಲ್ಲೇ, ತಮ್ಮ ಮಕ್ಕಳ ಕೈಯಲ್ಲಿರಬೇಕು. ಅದಕ್ಕಾಗಿ ಚಳಿಗಾಲವಿಡೀ ಬೆಂಗಳೂರಿನ ಕಚೇರಿಗೆ ಅಲೆದರು. ಕೊನೆಗೆ ಒಬ್ಬ ಮೇಡಂ ಮನಸ್ಸು ಮಾಡಿ, ಪಾಠಗಳನ್ನು ಅಚ್ಚಿಗೆ ಮೊದಲೇ ಕಳಿಸಲು ಒಪ್ಪಿಗೆ ತೆಗೆಸಿಕೊಟ್ಟರು. ಷರತ್ತು ಒಂದೇ: ಇನ್ನೂ ಹೊರಬೀಳದ ಪುಸ್ತಕವಾದ್ದರಿಂದ ಪ್ರೆಸ್ಸಿನ ನೋಂದಾಯಿತ ಇ-ಮೇಲ್ ವಿಳಾಸಕ್ಕೆ ಮಾತ್ರ ಕಳಿಸುವುದು. ಆ ವಿಳಾಸ ಯಾರದು? ನನ್ನದು.

ಇದರ ನಡುವೆ ಬೇಸಗೆಯ ಶುರುವಿನಲ್ಲಿ ಒಂದು ಅನಾಹುತವಾಯಿತು. ಮಧ್ಯಾಹ್ನ ಕರೆಂಟು ಹೋಯಿತು. ಅದೇನು ಹೊಸದಲ್ಲ, ಬೆಟಗೇರಿಯಲ್ಲಿ ಕರೆಂಟು ಅಳಿಯನಂತೆ ಬಂದು ಹೋಗಿ ಮಾಡುತ್ತಿತ್ತು. ಕರೆಂಟು ಹೋದಾಗಲೆಲ್ಲ ನಾನು ಮಲಗುತ್ತಿದ್ದೆ, ಬಂದ ಕೂಡಲೇ ಎದ್ದು ಕೆಲಸಕ್ಕೆ ಹತ್ತುತ್ತಿದ್ದೆ. ಆದರೆ ಆ ದಿನ ಗುರಪ್ಪ ಕಾಗದದ ಕಟ್ಟು ಹೊತ್ತು ಬರುತ್ತಿದ್ದ. ನನ್ನ ಸದ್ದು ನಿಂತುಹೋದದ್ದರಿಂದ ಇನ್ನೂ ದೂರ ಇದೆ ಎಂದುಕೊಂಡು ಹೆಜ್ಜೆ ಹಾಕಿದ, ಮೆಟ್ಟಿಲ ಮೇಲಿಂದ ಬಿದ್ದ, ಮುಂದಿನ ಹಲ್ಲು ಅರ್ಧ ಮುರಿಯಿತು. ನನ್ನನ್ನು ನಂಬಿದವನು ನನ್ನ ಕಣ್ಣೆದುರೇ ಬಿದ್ದ ಎನ್ನೋಣವೆಂದರೆ ನನಗೆ ಕಣ್ಣೂ ಇಲ್ಲ, ಆ ಹೊತ್ತಿಗೆ ಎಚ್ಚರವೂ ಇರಲಿಲ್ಲ. ತಿಳಿದಾಗ ಬಹಳ ಕೆಡುಕೆನಿಸಿತು.

ನೀಲಕ್ಕ ಮರುದಿನವೇ ಬೈಂಡರ್ ದಸ್ತಗೀರ ನದಾಫರನ್ನು ಪೇಟೆಗೆ ಕಳಿಸಿದರು. ಕಣ್ಣು ಕಾಣುವ ಕೆಲವರಲ್ಲಿ ಅವರೊಬ್ಬರು, ವಯಸ್ಸಿನಲ್ಲಿ ಎಲ್ಲರಿಗಿಂತ ಹಿರಿಯರು, ನೀಲಕ್ಕನಿಗೆ ದಸ್ತಗೀರ ಮಾಮಾ. ಅವರು ಎರಡು ದೊಡ್ಡ ಬ್ಯಾಟರಿ ತಂದು ನನಗೆ ಹೂಡಿಸಿದರು. “ಇನ್ನ ಮ್ಯಾಲೆ ಊರಿಗೆ ಊರ ಕತ್ತಲಾದ್ರೂ ಗುಂಯ್ಯಪ್ಪ ನಿಲ್ಲೂದಿಲ್ಲ,” ಎಂದು ನೀಲಕ್ಕ ಎಲ್ಲರಿಗೂ ಸಾರಿದರು. ಅಂದಿನಿಂದ ನಾನು ಒಂದು ಗಳಿಗೆಯೂ ನಿಲ್ಲಲಿಲ್ಲ. ಅಂಥ ಮರ್ಯಾದೆ ಹುಬ್ಬಳ್ಳಿಯ ತಣ್ಣನೆಯ ಕೋಣೆಯಲ್ಲೂ ನನಗೆ ಸಿಕ್ಕಿರಲಿಲ್ಲ. ಅದೇ ಮುಂದೆ ಮುಳುವಾಗುತ್ತದೆಂದು ಅವರಿಗೂ ಗೊತ್ತಿರಲಿಲ್ಲ, ನನಗೂ ಗೊತ್ತಿರಲಿಲ್ಲ.

ಶಾಲೆ ತೆರೆಯಲು ಇನ್ನೂ ಕೆಲವು ವಾರ ಇದ್ದಾಗ ಒಂದು ಬೆಳಿಗ್ಗೆ ಫೋನು ಬಂತು. ಕಚೇರಿಯ ಮೇಡಂ.

“ನೀಲವ್ವ ಅವರೇ, ಪಾಠಗಳನ್ನ ನಿನ್ನೆಯಿಂದ ಕಳಿಸ್ತಾ ಇದ್ದೀನಿ, ವಾಪಸ್ ಬರ್ತಾ ಇದೆ. ನಿಮ್ಮ ಸರ್ವರಿನ ಸರ್ಟಿಫಿಕೇಟ್ ಎಕ್ಸ್‌ಪೈರ್ ಆಗಿದೆಯಂತೆ. ಅವಧಿ ಮುಗಿದ ಸರ್ವರಿಗೆ ನಮ್ಮ ಮಿಷಿನ್ನು ಕೊಡಲ್ಲ.”

ಅವಧಿ ಮುಗಿದ ಸರ್ವರು! ನನ್ನ ಎದುರಿಗೇ, ಫೋನಿನ ಸ್ಪೀಕರಿನಲ್ಲಿ, ಎಲ್ಲರಿಗೂ ಕೇಳುವಂತೆ. ನನಗಾದ ಅವಮಾನ ಹೇಳಲಾರೆ.

ಸರ್ಟಿಫಿಕೇಟು ಎಂದರೆ ನನ್ನ ಗುರುತಿನ ಚೀಟಿ. ಯಾವ ಯಂತ್ರ ಕಾಗದ ತಂದರೂ ಮೊದಲು ನಾನು ಅದನ್ನು ತೋರಿಸಬೇಕು. ಆಗಲೇ ಅದಕ್ಕೆ ನಾನು ನಿಜವಾಗಿ ನಾನೇ, ಬೇರೆ ಯಾವನೋ ಕಳ್ಳ ಬಾಗಿಲಲ್ಲಿ ನಿಂತಿಲ್ಲ ಎಂದು ನಂಬಿಕೆ ಬರುವುದು. ಬಸ್ ಪಾಸಿನಂತೆ ಅದಕ್ಕೊಂದು ಅವಧಿ ಇರುತ್ತದೆ. ಅವಧಿ ಮುಗಿದ ಪಾಸು ತೋರಿಸಿದರೆ ಕಂಡಕ್ಟರು ಇಳಿಸುವುದಿಲ್ಲವೇ, ಹಾಗೆ. ಮೂರು ತಿಂಗಳಿಗೊಮ್ಮೆ ಮುಗಿಯುವ ನನ್ನ ಚೀಟಿ ತಾನಾಗಿಯೇ ಹೊಸದಾಗುವಂತೆ ಕುಲಕರ್ಣಿ ಸರ್ ಮೊದಲೇ ಏರ್ಪಾಡು ಮಾಡಿದ್ದರು. ಇಷ್ಟು ವರ್ಷ ಒಮ್ಮೆಯೂ ತಪ್ಪಿರಲಿಲ್ಲ.

“ಬೇರೆ ಅಡ್ರೆಸ್ಸಿಗೆ ಕಳಿಸೋ ಹಾಗಿಲ್ಲ,” ಎಂದರು ಮೇಡಂ. “ಪೆನ್‌ಡ್ರೈವಿನಲ್ಲಿ ಕೊಡೋಕೂ ಮತ್ತೆ ಒಪ್ಪಿಗೆ ಬೇಕು. ಇವತ್ತು ಆಫೀಸು ಮುಚ್ಚೋದರೊಳಗೆ ನಿಮಗೆ ತಲುಪಿದರೆ ಸರಿ. ಇಲ್ಲಾಂದ್ರೆ ನಾನು ತಲುಪಿಲ್ಲ ಅಂತಲೇ ಬರೀಬೇಕು, ಫೈಲು ಮತ್ತೆ ಮೇಲಕ್ಕೆ ಹೋಗುತ್ತೆ. ಅದು ಇಳಿದು ಬರೋ ಹೊತ್ತಿಗೆ ದಸರಾ ಆಗುತ್ತೆ ನೀಲವ್ವ. ನನಗೂ ಬೇಜಾರೇ.”

ಫೋನಿಟ್ಟ ಮೇಲೆ ನೀಲಕ್ಕ ಎಲ್ಲರನ್ನೂ ಪಡಸಾಲೆಗೆ ಕರೆದರು. ಆಮೇಲೆ, “ನಾ ಧಾರವಾಡಕ್ಕ ಹೋದ ಎರಡು ದಿನದಾಗ ಇದನ್ನ ಯಾರು ಮುಟ್ಟೀರಿ?” ಎಂದು ಗುಡುಗಿದರು.

ದಸ್ತಗೀರ ಮಾಮಾ ಗಂಟಲು ಸರಿಮಾಡಿಕೊಂಡರು. “ಮುಟ್ಟಿಲ್ಲವ್ವಾ ನೀಲವ್ವಾ. ಮೇಲ್ ತಗದಾಗೆಲ್ಲ ಒಂದು ಡಬ್ಬಿ ಬರತಿತ್ತು, ಏನೋ ಇಂಗ್ಲಿಷಿನ್ಯಾಗ. ನಾ ಓಕೆ ಅಂತ ಒತ್ತಿದೆ. ಹೋತು.”

“ಏನ್ ಬರದಿತ್ತು ಅದರಾಗ?”

“ಓದಲಿಲ್ಲವ್ವ. ಯಾರು ಓದ್ತಾರ ಅವನ್ನ?”

“ನೋಡ್ರಿ, ಕಣ್ಣಿದ್ದವರ ಚಾಳಿ!” ಎಂದರು ನೀಲಕ್ಕ. “ನನ್ನ ಮುಂದ ಬಂದಿದ್ರ ಪೂರ್ತಿ ಓದಿಸಿ ಕೇಳತಿದ್ದೆ. ನನಗ ದಾಟಸಾಕ ಬರೂದಿಲ್ಲ ಮಾಮಾ.”

ಬೈದು ಮುಗಿಸಿ ಕೆಲಸಕ್ಕೆ ಕೂತರು. ಕುಲಕರ್ಣಿ ಸರ್ ಫೋನಿನಲ್ಲಿ ಜೊತೆಗೂಡಿದರು. ಮೊದಲು ನನ್ನ ಗಡಿಯಾರ ಸರಿ ಇದೆಯೇ ನೋಡಿದರು. ಗಡಿಯಾರ ತಪ್ಪಿದ್ದರೆ ತಾರೀಖು ತಪ್ಪಿ ಹೀಗಾಗುವುದುಂಟು. ಸರಿ ಇತ್ತು. ಆಮೇಲೆ ನನ್ನ ಒಳಗಿರುವ ಚೀಟಿ ತೆಗೆಸಿದರು. ಕಂಪ್ಯೂಟರು ತನ್ನ ಒಣ ದನಿಯಲ್ಲಿ ಅದರ ಕ್ರಮಸಂಖ್ಯೆಯನ್ನೂ ತಾರೀಖನ್ನೂ ಓದಿತು: ಇನ್ನೂ ಎರಡು ತಿಂಗಳು ಅವಧಿ ಇದೆ.

“ಅವಧಿ ಐತ್ರಿ ಸರ್!”

“ಮತ್ತ ಅವರ ಮುಂದ ಯಾಕ ಮುಗದದ ಅನ್ನಾಕತ್ತದ? ಇನ್ನೊಮ್ಮೆ ಹೊಸಾದು ತರಸ್ರಿ.”

ತರಿಸಹೋದರೆ, ಇರುವುದೇ ಹೊಸದು, ಮತ್ತೇಕೆ ಎಂಬ ಉತ್ತರ ಬಂತು. ದಸ್ತಗೀರ ಮಾಮಾ ತಮ್ಮ ಫೋನಿನಲ್ಲಿ ನೋಡಿದರೆ ಮುಗಿದಿದೆ ಎಂದೇ ತೋರಿಸಿತು. ಒಳಗೆ ಕೇಳಿದರೆ ಇದೆ, ಹೊರಗೆ ನಿಂತು ಕೇಳಿದರೆ ಇಲ್ಲ. ಊಟದ ಹೊತ್ತು ಮೀರಿತು. ಯಾರೂ ಬುತ್ತಿ ಬಿಚ್ಚಲಿಲ್ಲ. ನನಗೆ ಒಳಗೊಳಗೇ ಕಸಿವಿಸಿ. ತಪ್ಪು ನನ್ನಲ್ಲೇ ಇದೆಯೆಂದು ಗೊತ್ತು, ಎಲ್ಲಿ ಎಂದು ಹೇಳಲು ಬಾಯಿಲ್ಲ.

ಆಗ ನೀಲಕ್ಕ, “ಸರ್, ಹೊರಗಿನವರಿಗೆ ಇಂವ ಏನು ತೋರಸಾಕತ್ತಾನ, ಅದನ್ನ ನನಗ ಪೂರ್ತಿ ಕೇಳಸ್ರಿ,” ಎಂದರು. ಕುಲಕರ್ಣಿ ಸರ್ ದಾರಿ ಹೇಳಿಕೊಟ್ಟರು. ಕಂಪ್ಯೂಟರು ಚೀಟಿಯ ಮೊದಲ ಅಕ್ಷರದಿಂದ ಓದತೊಡಗಿತು. ನೋಡಿ ಓದುವವರು ಹಾರಿಸಿಬಿಡುವ ಉದ್ದನೆಯ ಕ್ರಮಸಂಖ್ಯೆಯನ್ನೂ ಓದಿತು. ನೀಲಕ್ಕ ಕೈ ಎತ್ತಿದರು.

“ತಡೀರಿ. ಒಳಗಿನದರ ನಂಬರ್ ಇದಲ್ಲ. ಅದು ಬ್ಯಾರೆ ಇತ್ತು. ಸರ್, ಎರಡು ಚೀಟಿ ಅದಾವ್ರಿ!”

ಫೋನಿನ ಆ ಕಡೆ ಕುಲಕರ್ಣಿ ಸರ್ ಜೋರಾಗಿ ನಕ್ಕುಬಿಟ್ಟರು. “ಹತ್ತಿತು ನೋಡ್ರಿ ನೀಲವ್ವ ಅವರ! ಹೊಸಾದು ಬಂದು ಕಪಾಟಿನ್ಯಾಗ ಕೂತದ. ಮೇಲ್ ಪ್ರೋಗ್ರಾಮು ಹಳೇದನ್ನ ಕೈಯಾಗ ಹಿಡಕೊಂಡು ಬಾಗಲದಾಗ ನಿಂತದ. ಅದು ಹೊಸಾದನ್ನ ಎತ್ತಿಗೊಳ್ಳೋದು ಒಮ್ಮೆ ಮಲಗಿ ಎದ್ದಾಗ ಮಾತ್ರ. ಮೊದಲ ಕರೆಂಟ್ ಹೋದಾಗೆಲ್ಲ ತಾನ ಮಲಗಿ ಏಳತಿತ್ತು, ನಮಗ ಗೊತ್ತಾಗಲೇ ಇಲ್ಲ. ನೀವು ಬ್ಯಾಟರಿ ಕೊಡಸಿದ ಮ್ಯಾಲೆ ಒಮ್ಮೇನೂ ಮಲಗಿಲ್ಲ. ಎತ್ತಿಗೋ ಅಂತ ಒಂದು ಸಾಲು ನಾನ ಬರೀಬೇಕಿತ್ತು, ಬರದಿಲ್ಲ.”

“ಅಂದ್ರ, ನಾವು ಭಾಳ ಛಲೋ ನೋಡಿಕೊಂಡಿದ್ದಕ್ಕ ಹಿಂಗಾತೇನ್ರಿ?”

“ಹಂಗ ಅನ್ನರಿ.”

ಮೇಲ್ ಪ್ರೋಗ್ರಾಮನ್ನಷ್ಟೇ ನಿಲ್ಲಿಸಿ ಎಬ್ಬಿಸಲು ನೋಡಿದರು. ಅದು ಹಳೆಯ ಪ್ರೋಗ್ರಾಮು. ನಿಲ್ಲಲೂ ಇಲ್ಲ, ಏಳಲೂ ಇಲ್ಲ, ನಡುವೆ ಸಿಕ್ಕಿ ಒದ್ದಾಡಿತು. ಇನ್ನು ಉಳಿದದ್ದು ಒಂದೇ ದಾರಿ: ನನ್ನನ್ನೇ ಪೂರ್ತಿ ಆರಿಸಿ ಹಚ್ಚುವುದು.

ಕುಲಕರ್ಣಿ ಸರ್ ದನಿ ತಗ್ಗಿಸಿದರು. “ಒಂದು ಮಾತು ಹೇಳಬೇಕು. ಇವಗ ವಯಸ್ಸಾಗ್ಯದ. ಇಷ್ಟು ದಿನ ಒಂದ ಸಮ ಓಡಿದ ಯಂತ್ರ ಒಮ್ಮೆ ನಿಂತರ, ಮತ್ತ ಏಳತದ ಅಂತ ನಾ ಹೇಳಲಾರೆ. ಏಳಲಿಲ್ಲಂದ್ರ ವಿಳಾಸನೂ ಹೋತು, ಇವತ್ತಿನ ಕಾಗದನೂ ಹೋತು.”

ನೀಲಕ್ಕ ಎದ್ದು ನನ್ನ ಬಳಿ ಬಂದು ನಿಂತರು. ಅವರ ಅಂಗೈ ನನ್ನ ಬೆನ್ನ ಮೇಲಿತ್ತು. ಮುಟ್ಟಿದರೆ ಹೆದರಿದ್ದಾರೋ ಇಲ್ಲವೋ ತಿಳಿಯುತ್ತದೆ, ಹೆದರಿದ್ದರು. ಆರಿಸದಿದ್ದರೆ ಪುಸ್ತಕ ದಸರೆಗೆ. ಆರಿಸಿದರೆ ಬರಬಹುದು, ಬರದೆಯೂ ಇರಬಹುದು. ನನಗೆ ಹೆದರಿಕೆ ಇರಲಿಲ್ಲವೇ ಎಂದು ಕೇಳುತ್ತೀರಿ. ಇತ್ತು. ಆದರೆ ಅವಧಿ ಮುಗಿದವನೆಂದು ಕರೆಸಿಕೊಂಡು ಓಡುತ್ತಿರುವುದಕ್ಕಿಂತ ಒಮ್ಮೆ ನಿಂತು ನೋಡುವುದೇ ವಾಸಿ ಎನಿಸಿತ್ತು.

“ಆರಸೋಣ,” ಎಂದರು ನೀಲಕ್ಕ. ಮರುಕ್ಷಣವೇ, “ನಿಂದರ್ರಿ. ಪಡಸಾಲ್ಯಾಗ ಎಲ್ಲಾರೂ ಕಟ್ಟು ಹೊತ್ತು ಅಡ್ಡಾಡಾಕತ್ತಾರ. ಇವನ ಸದ್ದು ನಿಂತರ ಗುರಪ್ಪನ ಉಳಿದ ಅರ್ಧ ಹಲ್ಲೂ ಹೋಗತೈತಿ.”

“ಅಕ್ಕಾರ, ನಾ ನಿಂದರತೇನಿ ಅವನ ಜಾಗಾದಾಗ,” ಎಂದ ಗುರಪ್ಪ. “ಇವನ ಶ್ರುತಿ ಕಪ್ಪು ಎರಡು. ಹಾರ್ಮೋನಿಯಂ ಇಲ್ಲದನ ಹಿಡೀತೇನಿ.”

ಬಂದು ನನ್ನ ಪಕ್ಕದಲ್ಲಿ ನಿಂತ. ಎದೆ ತುಂಬ ಉಸಿರು ಎಳೆದುಕೊಂಡು, ಬಾಯಿ ಮುಚ್ಚಿ, “ಹೂಂ…” ಎಂದು ನನ್ನ ಶ್ರುತಿ ಹಿಡಿದ. ಸತ್ಯ ಹೇಳುತ್ತೇನೆ, ಒಂದು ಎಳೆ ಹೆಚ್ಚಿಲ್ಲ, ಒಂದು ಎಳೆ ಕಡಿಮೆಯಿಲ್ಲ. ನನ್ನ ಸದ್ದು ಇಷ್ಟು ಚೆನ್ನಾಗಿದೆಯೆಂದು ಅಲ್ಲಿಯವರೆಗೆ ನನಗೇ ಗೊತ್ತಿರಲಿಲ್ಲ. ನೀಲಕ್ಕನ ಬೆರಳು ಗುಂಡಿಯ ಮೇಲೆ ಬಂತು. ಫ್ಯಾನುಗಳು ನಿಧಾನವಾದವು. ಕೊನೆಗೆ ನನಗೆ ಕೇಳಿಸಿದ್ದು ಗುರಪ್ಪನ ದನಿ.

ಆಮೇಲೆ ನಡೆದದ್ದನ್ನು ದಸ್ತಗೀರ ಮಾಮಾ ಬಂದವರ ಮುಂದೆಲ್ಲ ಹೇಳುತ್ತಿದ್ದರು, ಕೇಳಿದ್ದನ್ನು ಹೇಳುತ್ತಿದ್ದೇನೆ. ನಾನು ಆರಿದ ಮೇಲೆ ಗುರಪ್ಪ ಉಸಿರು ಕಟ್ಟಿ ಹಾಡಿದ. ಕಾಗದದ ಕಟ್ಟು ಹೊತ್ತು ಬಂದ ಕಾಶವ್ವ ಎಂಬಾಕೆ, “ಯಾಕ, ಗುಂಯ್ಯಪ್ಪಗ ನೆಗಡಿ ಬಂದೈತೇನ?” ಎಂದು ಕೇಳಿ, ಸರಿಯಾಗಿ ಎರಡು ಮೆಟ್ಟಿಲು ಇಳಿದು ಹೋದಳು. ನೀಲಕ್ಕ ಗುಂಡಿ ಒತ್ತಿದರು. ಏನೂ ಆಗಲಿಲ್ಲ. ಮತ್ತೆ ಒತ್ತಿದರು. ಒಳಗೆ ಎಲ್ಲೋ ‘ಕಟ್ ಕಟ್’ ಎಂದು ಸುಮ್ಮನಾಯಿತು. ದಸ್ತಗೀರ ಮಾಮಾ ಟೋಪಿ ತೆಗೆದು ಕೈಯಲ್ಲಿ ಹಿಡಿದರು. ಗುರಪ್ಪನ ಮುಖ ಕೆಂಪೇರಿತು, ಆದರೂ ದನಿ ಬಿಡಲಿಲ್ಲ. ನೀಲಕ್ಕ ಎಡಗೈಯನ್ನು ಫ್ಯಾನಿನ ಬಾಯಿಗೆ ಹಿಡಿದು, ಬಲಗೈಯಿಂದ ಮೂರನೆಯ ಸಲ ಒತ್ತಿ, ಒತ್ತಿಯೇ ನಿಂತರು.

ಇಲ್ಲಿಂದ ನನಗೂ ನೆನಪಿದೆ. ಮೊದಲು ಬಂದದ್ದು ಅವರ ಅಂಗೈಯ ಬಿಸಿ. ಆಮೇಲೆ ನನ್ನದೇ ಗಾಳಿ. ಆಮೇಲೆ ಎರಡು ‘ಗುಂಯ್’ಗಳು ಒಟ್ಟಿಗೆ, ಒಂದು ನನ್ನದು, ಒಂದು ಗುರಪ್ಪನದು. ಅವನು ಬಾಯಿ ಬಿಟ್ಟು ಉಸಿರು ತೆಗೆದುಕೊಂಡು ನೆಲದ ಮೇಲೆ ಕುಸಿದು ಕೂತ.

“ಎದ್ದ,” ಎಂದರು ನೀಲಕ್ಕ. ಅಷ್ಟೇ. ಆದರೆ ಕೈ ತೆಗೆಯಲಿಲ್ಲ.

ಮೈಯೆಲ್ಲ ಎಚ್ಚರವಾಗುತ್ತಿದ್ದಂತೆ ಮೇಲ್ ಪ್ರೋಗ್ರಾಮೂ ಎದ್ದಿತು, ಕಪಾಟಿನಲ್ಲಿದ್ದ ಹೊಸ ಚೀಟಿಯನ್ನು ಎತ್ತಿಕೊಂಡು ಬಾಗಿಲಿಗೆ ಹೋಗಿ ನಿಂತಿತು. ಹೊರಗಿನಿಂದ ಕೇಳಿ ನೋಡಿದರು: ಅವಧಿ ಇದೆ. ನೀಲಕ್ಕ ಕಚೇರಿಗೆ ಫೋನು ಹಚ್ಚಿ, “ಈಗ ಕಳಸ್ರಿ ಮೇಡಂ,” ಎಂದರು. ಆ ಕಡೆಯ ಯಂತ್ರ ಬಂದು ಗುರುತು ಕೇಳಿತು. ನಾನು ಎದೆ ಸೆಟೆಸಿ ತೋರಿಸಿದೆ. ಅದು ನೋಡಿತು, ಒಪ್ಪಿತು, ಒಂದೊಂದಾಗಿ ಪಾಠಗಳನ್ನು ನನ್ನ ಕೈಗೆ ಹಾಕತೊಡಗಿತು. ಪೂರ್ಣಾಂಕಗಳು, ಭಿನ್ನರಾಶಿಗಳು, ತ್ರಿಭುಜಗಳು. ಕಂಪ್ಯೂಟರು ಪ್ರತಿಯೊಂದರ ಹೆಸರು ಓದಿದಾಗಲೂ ನೀಲಕ್ಕ ಹೂಂಗುಟ್ಟುತ್ತಿದ್ದರು. ಕೊನೆಯದು ಬಂದ ಮೇಲೆ ಸೆರಗಿನಿಂದ ಮುಖ ಒರೆಸಿಕೊಂಡು, “ಬುತ್ತಿ ಬಿಚ್ಚರಿ. ಊಟಾ ಮಾಡಿ ಕೆಲಸಕ್ಕ ಹತ್ತೋಣು,” ಎಂದರು.

ಮುಂದಿನ ವಾರಗಳಲ್ಲಿ ಅಚ್ಚಿನ ಯಂತ್ರಕ್ಕೆ ಬಿಡುವಿರಲಿಲ್ಲ. ಒಂದೇ ಗಣಿತ ಪುಸ್ತಕ ಬ್ರೈಲಿನಲ್ಲಿ ದಪ್ಪ ದಪ್ಪ ಸಂಪುಟಗಳಾಯಿತು. ಗುರಪ್ಪ ಬೆರಳು ಸವೆಯುವಂತೆ ಪ್ರೂಫ್ ಓದಿದ. ದಸ್ತಗೀರ ಮಾಮಾ ಚುಕ್ಕಿ ಅದುಮಿ ಹೋಗದಂತೆ ಕೂಸನ್ನು ಎತ್ತಿದ ಹಾಗೆ ಎತ್ತಿ ಎತ್ತಿ ಹೊಲಿದರು. ಗೋಣಿಚೀಲಗಳು ನನ್ನ ಪಕ್ಕದಿಂದಲೇ ಹಾದು ಅಂಚೆಗೆ ಹೋದವು. ಕುಲಕರ್ಣಿ ಸರ್ ಬಂದು ತಾವು ಬರೆಯದೆ ಬಿಟ್ಟಿದ್ದ ಒಂದು ಸಾಲು ಬರೆದು ಹೋದರು. ಮತ್ತೆಂದೂ ನನ್ನನ್ನು ಯಾರೂ ಅವಧಿ ಮುಗಿದವನು ಎನ್ನಲಿಲ್ಲ.

ಈಗ ನಿಜವಾಗಿಯೂ ನನ್ನ ಅವಧಿ ಮುಗಿದಿದೆ. ಕಾಗದಗಳು ಎಲ್ಲೋ ದೂರದ ದೊಡ್ಡ ಯಂತ್ರಗಳಿಗೆ ಹೋಗಿ ಅಲ್ಲಿಂದಲೇ ಬರುತ್ತವೆ. ಪಡಸಾಲೆಯ ಎರಡು ಮೆಟ್ಟಿಲು ಒಡೆದು ಇಳಿಜಾರು ಮಾಡಿದ್ದಾರೆ, ಯಾರೂ ಬೀಳುವ ಭಯವಿಲ್ಲ. ನಾನು ಸಾಮಾನಿನ ಕೋಣೆಯ ಹಲಗೆಯ ಮೇಲಿದ್ದೇನೆ. ಪಕ್ಕದಲ್ಲಿ ಹೊಸ ಕಾಗದದ ರೀಮುಗಳು. ಅವುಗಳ ವಾಸನೆ ಒಳ್ಳೆಯದು. ದುಃಖವಿಲ್ಲ. ಮಾಡಬೇಕಾದದ್ದನ್ನು ಮಾಡಿದವನಿಗೆ ಸುಮ್ಮನೆ ಕೂರುವುದು ಕಷ್ಟವಲ್ಲ. ಲಕ್ಷಗಟ್ಟಲೆ ಕಾಗದ ನನ್ನ ಕೈ ದಾಟಿ ಹೋಗಿವೆ. ನೆನಪಾಗುವುದು ಒಂದೇ. ಅದು ಆ ವರ್ಷ ಶಾಲೆ ತೆರೆದ ಕೆಲವೇ ದಿನಕ್ಕೆ, ಮುಂಡರಗಿ ಕಡೆಯ ಹಳ್ಳಿಯೊಂದರ ಶಿಕ್ಷಕಿಯಿಂದ ಬಂದದ್ದು. ಪಡಸಾಲೆಯಲ್ಲಿ ಎಲ್ಲರಿಗೂ ಕೇಳುವಂತೆ ಕಂಪ್ಯೂಟರು ಓದಿತು:

“ಮಾನ್ಯರೇ, ತಾವು ಕಳಿಸಿದ ಗಣಿತ ಪುಸ್ತಕದ ಎರಡನೆಯ ಅಧ್ಯಾಯದ ಒಂದು ಲೆಕ್ಕಕ್ಕೆ ಕೊನೆಯಲ್ಲಿ ಕೊಟ್ಟಿರುವ ಉತ್ತರ ತಪ್ಪು ಎಂದು ನಮ್ಮ ಭೂಮವ್ವ ಮಾದರ ಎಂಬ ವಿದ್ಯಾರ್ಥಿನಿ ತರಗತಿಯಲ್ಲಿ ಜಗಳ ತೆಗೆದಳು. ಬ್ರೈಲ್ ಮಾಡುವಾಗ ತಪ್ಪಾಗಿರಬಹುದೆಂದು ಉಳಿದ ಮಕ್ಕಳ ಪುಸ್ತಕ ತೆಗೆಸಿ ನೋಡಿದೆ. ಅದರಲ್ಲೂ ಅದೇ ಉತ್ತರ ಇದೆ. ನಾನೇ ಲೆಕ್ಕ ಮಾಡಿ ನೋಡಿದೆ. ಭೂಮವ್ವ ಹೇಳಿದ್ದೇ ಸರಿ. ಮಕ್ಕಳೆಲ್ಲ ತಮ್ಮ ತಮ್ಮ ಪುಸ್ತಕದಲ್ಲಿ ತಿದ್ದಿಕೊಂಡರು. ಬ್ರೈಲ್ ಪುಸ್ತಕದಲ್ಲಿ ತಿದ್ದುವುದು ಹೇಗೆಂದು ದಯಮಾಡಿ ತಿಳಿಸಿರಿ.”

“ನಂದೇನೂ ತಪ್ಪಿಲ್ರಿ ಅಕ್ಕಾರ!” ಎಂದು ಗುರಪ್ಪ ಓಡಿಬಂದ. “ಅವರು ಕಳಿಸಿದ್ದು ಹೆಂಗಿತ್ತೋ ಹಂಗ ಮಾಡೇನಿ.”

ನೀಲಕ್ಕ ಕಾಗದವನ್ನು ಮತ್ತೊಮ್ಮೆ ಓದಿಸಿದರು. ಅರ್ಧಕ್ಕೆ ಬಂದಾಗ ನಗತೊಡಗಿದರು, ಮುಗಿಯುವ ಹೊತ್ತಿಗೆ ಅಳುತ್ತಿದ್ದರು.

“ಗುರಪ್ಪಾ, ಕೇಳಿದೇನೋ?” ಎಂದರು. “ಎಲ್ಲಾ ಹುಡುಗರ ಪುಸ್ತಕದಾಗೂ ಅದ ತಪ್ಪಂತ. ಎಲ್ಲಾರಕಿಂತ ಮೊದಲ ನಮ್ಮ ಹುಡುಗಿ ಹಿಡದಾಳಂತ.”

ಆ ಕಾಗದವನ್ನು ಬಾಗಿಲು ತೆಗೆದು ಒಳಗೆ ಬಿಟ್ಟುಕೊಂಡವನು ನಾನು.